ಮುರಿದ ಜಾಗವನ್ನು ನೋಡಬೇಕು

ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಲ್ಯಾಬಿನಲ್ಲಿ ಟೆನ್ಷನ್ ಟೆಸ್ಟ್ ಇರುವ ದಿನ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಮೈಲ್ಡ್ ಸ್ಟೀಲ್ ಸರಳನ್ನು ಯುಟಿಎಂ ಎಂಬ ಎಳೆಯುವ ಯಂತ್ರದ ಬಾಯಿಗೆ ಕಚ್ಚಿಸಿ ಎಳೆಯಲು ಶುರು ಮಾಡಿದರೆ ಮೊದಲು ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆಮೇಲೆ ಸರಳು ನಿಧಾನವಾಗಿ ಉದ್ದವಾಗುತ್ತದೆ, ಒಂದು ಜಾಗದಲ್ಲಿ ಕುತ್ತಿಗೆಯಂತೆ ಸಣ್ಣಗಾಗುತ್ತದೆ, ಕೊನೆಗೆ ದೊಡ್ಡ ಸದ್ದು ಮಾಡಿ ತುಂಡಾಗುತ್ತದೆ. ಸುತ್ತ ನಿಂತವರೆಲ್ಲ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಮರುಕ್ಷಣವೇ ಎಲ್ಲರೂ ರೆಕಾರ್ಡ್ ಪುಸ್ತಕಕ್ಕೆ ತಲೆ ಬಗ್ಗಿಸುತ್ತಾರೆ. ಬ್ರೇಕಿಂಗ್ ಲೋಡ್ ಎಷ್ಟು ಬಂತು, ಅಷ್ಟೇ ಅವರಿಗೆ ಬೇಕು.

ನಾನು ಆಗ ಎರಡೂ ತುಂಡುಗಳನ್ನು ಬಿಚ್ಚಿ ಅವರ ಕೈಗೆ ಕೊಡುತ್ತೇನೆ. ಮುರಿದ ಕಡೆ ಇನ್ನೂ ಬಿಸಿಯಾಗಿರುತ್ತದೆ. ಒಂದು ತುಂಡಿನ ತುದಿ ಬಟ್ಟಲಿನ ಹಾಗೆ ಒಳಕ್ಕೆ ತಗ್ಗಿರುತ್ತದೆ, ಇನ್ನೊಂದರದ್ದು ಆ ಬಟ್ಟಲಿಗೆ ಸರಿಯಾಗಿ ಕೂರುವ ಶಂಕು. ಅಂಚಿನ ಸುತ್ತ ಸುಮಾರು 45 ಡಿಗ್ರಿ ಓರೆ. ಬಿರುಕು ಹುಟ್ಟಿದ್ದು ಕುತ್ತಿಗೆಯ ನಡುಮಧ್ಯದಲ್ಲಿ, ಅಲ್ಲಿಂದ ಹೊರಕ್ಕೆ ಹರಡಿತು, ಕೊನೆಗೆ ಅಂಚು ಕತ್ತರಿಸಿಕೊಂಡಿತು. ಇಷ್ಟೂ ಕಥೆ ಆ ತುದಿಯಲ್ಲೇ ಬರೆದಿದೆ. ಪಕ್ಕದಲ್ಲಿ ಎರಕದ ಕಬ್ಬಿಣದ ತುಂಡು ಇಟ್ಟರೆ ಅದು ಚಪ್ಪಟೆ, ಹರಳುಹರಳು, ಕುತ್ತಿಗೆಯೇ ಇಲ್ಲ. ‘ಲೋಡ್ ಆಮೇಲೆ ಬರೀರಿ, ಮೊದಲು ಮುರಿದ ಜಾಗ ನೋಡಿ’ ಎಂದು ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಎಷ್ಟಕ್ಕೆ ಮುರಿಯಿತು ಅನ್ನುವುದು ಒಂದು ಸಂಖ್ಯೆ ಮಾತ್ರ. ಯಾಕೆ ಮುರಿಯಿತು ಅನ್ನುವುದು ಆ ತುದಿಯಲ್ಲಿದೆ.

ಇದನ್ನು ಇಷ್ಟು ಖಚಿತವಾಗಿ ಹೇಳುತ್ತಿದ್ದ ನಾನು ಹಲವು ವರ್ಷ ಉತ್ತರಪತ್ರಿಕೆಗಳ ವಿಷಯದಲ್ಲಿ ಅದಕ್ಕೆ ತೀರಾ ವಿರುದ್ಧವಾಗಿ ನಡೆದುಕೊಂಡೆ. ತಪ್ಪು ಉತ್ತರ ಕಂಡರೆ ಕೆಂಪು ಗೀಟು, ಹತ್ತಕ್ಕೆ ಎರಡು, ಮುಂದಿನ ಪತ್ರಿಕೆ. ಲೋಡ್ ಬರೆದುಕೊಂಡು ತುಂಡನ್ನು ಗುಜರಿ ಡಬ್ಬಕ್ಕೆ ಹಾಕಿದ ಹಾಗೆ.

ಅದು ನನಗೆ ತಟ್ಟಿದ್ದು ಒಂದು ಇಂಟರ್ನಲ್ಸ್ ತಿದ್ದುವಾಗ. ಪ್ರಶ್ನೆ ಬಹಳ ಸರಳ. 100 ನ್ಯೂಟನ್ ತೂಕದ ಪೆಟ್ಟಿಗೆ ಸಮತಟ್ಟಾದ ನೆಲದ ಮೇಲೆ ನಿಂತಿದೆ, ಸ್ಥಿರ ಘರ್ಷಣಾಂಕ (ಮ್ಯೂ) 0.4. ಪೆಟ್ಟಿಗೆಯನ್ನು 20 ನ್ಯೂಟನ್ ಬಲದಿಂದ ಅಡ್ಡಲಾಗಿ ತಳ್ಳಿದರೆ ಘರ್ಷಣೆ ಎಷ್ಟು? ಲೆಕ್ಕ ಅನ್ನುವಷ್ಟೂ ಇಲ್ಲ. ನೆಲ ಪೆಟ್ಟಿಗೆಯನ್ನು ಮೇಲಕ್ಕೆ ಒತ್ತುವ ಬಲ (ಎನ್) ಇಲ್ಲಿ 100, ಅದನ್ನು ಮ್ಯೂನಿಂದ ಗುಣಿಸಿದರೆ 40. ನೆಲ ಹೆಚ್ಚೆಂದರೆ ಆ 40 ನ್ಯೂಟನ್ ತಡೆದುಕೊಳ್ಳಬಲ್ಲದು. ನಾವು ತಳ್ಳುತ್ತಿರುವುದು 20. ಆದ್ದರಿಂದ ಪೆಟ್ಟಿಗೆ ಕದಲುವುದಿಲ್ಲ, ಘರ್ಷಣೆಯೂ 20. ಆದರೆ ಪತ್ರಿಕೆ ಮೇಲೆ ಪತ್ರಿಕೆ 40 ಎಂದೇ ಬರೆದುಕೊಂಡು ಬಂತು. ಮುಕ್ಕಾಲು ಪಾಲು ಕ್ಲಾಸು ಅದನ್ನೇ ಬರೆದಿತ್ತು, ಒಳ್ಳೆಯ ಅಂಕ ತೆಗೆಯುವವರೂ ಸೇರಿ. ನೋಡಿ ನಕಲು ಮಾಡಿದ್ದಾರೆ ಅಂದುಕೊಳ್ಳುವ ಹಾಗೂ ಇರಲಿಲ್ಲ, ಒಬ್ಬೊಬ್ಬರ ಚಿತ್ರ ಒಂದೊಂದು ತರ.

ಮಾರನೆಯ ದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳನ್ನು ಪತ್ರಿಕೆ ಹಿಡಿದುಕೊಂಡು ಬರಲು ಹೇಳಿದೆ.

‘ಇಲ್ಲಿ 40 ಹೇಗೆ ಬಂತಮ್ಮಾ?’

‘ಮ್ಯೂ ಎನ್ ಮೇಡಂ. 0.4 ಇಂಟು 100.’

‘ಸರಿ. ಈಗ ನಿನ್ನ ಎಫ್‌ಬಿಡಿ ನೋಡು, ಬಲಗಳನ್ನು ತೋರಿಸೋ ಈ ಚಿತ್ರ. ಬಲಕ್ಕೆ 20, ಎಡಕ್ಕೆ 40 ಬಾಣ ಹಾಕಿದೀಯ. ಪೆಟ್ಟಿಗೆ ಯಾವ ಕಡೆ ಹೋಗುತ್ತೆ?’

ಅವಳು ಬಹಳ ಹೊತ್ತು ಚಿತ್ರ ನೋಡಿದಳು. ಪೆನ್ನಿನ ತುದಿಯನ್ನು ಒಂದು ಬಾಣದಿಂದ ಇನ್ನೊಂದಕ್ಕೆ ಎರಡು ಸಲ ಸರಿಸಿದಳು. ‘ಎಡಕ್ಕೆ ಮೇಡಂ… ತಳ್ಳಿದವರ ಮೇಲೇ ಬರುತ್ತೆ’ ಅಂದಳು. ಹೇಳಿದ್ದೇ ಅವಳಿಗೇ ಆಶ್ಚರ್ಯವಾಯಿತು. ಸ್ವಲ್ಪ ತಡೆದು, ದೂರುವ ದನಿಯಲ್ಲಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದಳು: ‘ಆದರೆ ನೀವು ಕೊಟ್ಟ ಲೆಕ್ಕಗಳಲ್ಲೆಲ್ಲ ಮ್ಯೂ ಎನ್ ಹಾಕಿದರೆ ಸರಿ ಬರ್ತಿತ್ತಲ್ಲ ಮೇಡಂ?’

ಅವತ್ತು ಸಂಜೆ ನನ್ನ ಟ್ಯುಟೋರಿಯಲ್ ಹಾಳೆಗಳನ್ನು ತೆಗೆದು ನೋಡಿದೆ. ಘರ್ಷಣೆ ಅಧ್ಯಾಯದಲ್ಲಿ ನಾನು ಕೊಟ್ಟಿದ್ದ ಎಲ್ಲ ಲೆಕ್ಕಗಳಲ್ಲೂ ವಸ್ತು ‘ಜಾರುವ ಹಂತದಲ್ಲಿದೆ’. ಗೋಡೆಗೆ ಒರಗಿದ ಏಣಿ ಜಾರುವ ಹಂತದಲ್ಲಿದೆ, ಬೆಣೆ ಜಾರುವ ಹಂತದಲ್ಲಿದೆ, ಇಳಿಜಾರಿನ ಮೇಲಿನ ದಿಮ್ಮಿ ಜಾರುವ ಹಂತದಲ್ಲಿದೆ. ಆ ಹಂತದಲ್ಲಿ ಮಾತ್ರ ಘರ್ಷಣೆ ಮ್ಯೂ ಎನ್‌ಗೆ ಸಮ. ಬೇರೆ ಯಾವ ಸ್ಥಿತಿಯನ್ನೂ ನಾನು ಅವರ ಮುಂದೆ ಇಟ್ಟೇ ಇರಲಿಲ್ಲ. ಬಾಯಲ್ಲಿ ‘ಇದು ಗರಿಷ್ಠ ಮಿತಿ’ ಎಂದು ಹೇಳಿದ್ದೆ, ಬೋರ್ಡಿನ ಮೇಲೆ ಅಡಿಗೀಟು ಹಾಕಿ ಬರೆದೂ ಇದ್ದೆ. ಅವರು ನನ್ನ ಮಾತಿನಿಂದ ಕಲಿಯಲಿಲ್ಲ, ನನ್ನ ಲೆಕ್ಕಗಳಿಂದ ಕಲಿತರು. ಲೆಕ್ಕಗಳು ಕಲಿಸಿದ್ದನ್ನು ತಪ್ಪಿಲ್ಲದೆ ಕಲಿತಿದ್ದರು. ಬಿರುಕು ಹುಟ್ಟಿದ್ದು ನನ್ನ ಹಾಳೆಯಲ್ಲಿ.

ಇಂಜಿನಿಯರಿಂಗ್ ಕಲಿಕೆಯ ಮೇಲೆ ನಡೆದ ಸಂಶೋಧನೆಗಳನ್ನು ಗಂಭೀರವಾಗಿ ಓದಲು ಶುರು ಮಾಡಿದ್ದು ಅದಾದ ಮೇಲೆ. ಆವರೆಗೆ ‘ಎಜುಕೇಶನ್ ರಿಸರ್ಚ್’ ಎಂದರೆ ಬಡ್ತಿಗೆ ಬೇಕಾದ ಕಾಗದ ಅನ್ನುವ ಭಾವನೆ ನನಗೂ ಇತ್ತು. ಓದಿದಾಗ ಸಿಕ್ಕಿದ್ದು ಬೇರೆ. ಸ್ಟ್ಯಾಟಿಕ್ಸ್ (ಕದಲದೆ ನಿಂತ ವಸ್ತುಗಳ ಮೇಲಿನ ಬಲಗಳ ಶಾಸ್ತ್ರ) ಕಲಿಸುತ್ತಿದ್ದ ಪಾಲ್ ಸ್ಟೀಫ್ ಎಂಬ ಕಾರ್ನೆಗಿ ಮೆಲನ್ ಪ್ರಾಧ್ಯಾಪಕರು ಸಹೋದ್ಯೋಗಿಯೊಬ್ಬರ ಜೊತೆ ಸೇರಿ 2005ರಲ್ಲಿ 27 ಪ್ರಶ್ನೆಗಳ ಒಂದು ಪರೀಕ್ಷೆ ಪ್ರಕಟಿಸಿದರು. ಸ್ಟ್ಯಾಟಿಕ್ಸ್ ಕಾನ್ಸೆಪ್ಟ್ ಇನ್ವೆಂಟರಿ ಎಂದು ಅದರ ಹೆಸರು. ಅದರಲ್ಲಿ ದೊಡ್ಡ ಲೆಕ್ಕಗಳಿಲ್ಲ. ಪ್ರತಿ ಪ್ರಶ್ನೆಯ ತಪ್ಪು ಆಯ್ಕೆಗಳನ್ನು ವಿದ್ಯಾರ್ಥಿಗಳು ನಿಜವಾಗಿ ಮಾಡುವ ತಪ್ಪುಗಳಿಂದಲೇ ಆರಿಸಿದ್ದಾರೆ. ಆ ತಪ್ಪುಗಳ ಪಟ್ಟಿಯಲ್ಲಿ ನನ್ನ ಕ್ಲಾಸಿನ ತಪ್ಪು ಸ್ಪಷ್ಟವಾಗಿ ಕೂತಿತ್ತು: ಸಮತೋಲನಕ್ಕೆ ಅಷ್ಟು ಬೇಡದಿದ್ದರೂ ಘರ್ಷಣೆಯನ್ನು ಮ್ಯೂ ಎನ್ ಎಂದೇ ಭಾವಿಸುವುದು. ಸಾವಿರಾರು ಮೈಲಿ ದೂರದಲ್ಲಿ ಯಾರೋ ನನ್ನ ಪತ್ರಿಕೆಗಳ ಕಟ್ಟನ್ನು ನನಗಿಂತ ಜಾಗ್ರತೆಯಿಂದ ತಿದ್ದಿದ ಹಾಗೆ ಅನ್ನಿಸಿತು.

ಇದರ ಬೇರು ಭೌತಶಾಸ್ತ್ರದಲ್ಲಿದೆ. 1985ರಲ್ಲಿ ಹಲ್ಲೂನ್ ಮತ್ತು ಹೆಸ್ಟನೀಸ್ ಮೆಕ್ಯಾನಿಕ್ಸ್ ಬಗ್ಗೆ ಅಂಥದೇ ಪರೀಕ್ಷೆ ಮಾಡಿದರು, 1992ರಲ್ಲಿ ಅದು ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ ಆಗಿ ಬೆಳೆಯಿತು. ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ ಇದನ್ನು ಓದಿ, ತನ್ನ ವಿದ್ಯಾರ್ಥಿಗಳಿಗೆ ಇಂಥ ಸಮಸ್ಯೆ ಇರಲಾರದು ಎಂದುಕೊಂಡೇ ಪರೀಕ್ಷೆ ಕೊಟ್ಟರಂತೆ. ಆಗ ಒಬ್ಬ ವಿದ್ಯಾರ್ಥಿನಿ, ಈ ಪ್ರಶ್ನೆಗಳಿಗೆ ನೀವು ಕಲಿಸಿದ ಪ್ರಕಾರ ಉತ್ತರಿಸಲೋ ಅಥವಾ ನಾನು ಯೋಚಿಸುವ ಪ್ರಕಾರ ಉತ್ತರಿಸಲೋ ಎಂದು ಕೇಳಿದಳು ಎಂದು ಅವರೇ ಹಲವು ಕಡೆ ಹೇಳಿಕೊಂಡಿದ್ದಾರೆ. ಆ ಮಾತು ಓದಿ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ನನ್ನ ಹುಡುಗಿಯ ತಲೆಯಲ್ಲೂ ಎರಡು ಲೋಕ ಇದ್ದವು. ಒಂದರಲ್ಲಿ ತಳ್ಳಿದ ಪೆಟ್ಟಿಗೆ ತಿರುಗಿ ಮೈಮೇಲೆ ಬರುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಇನ್ನೊಂದರಲ್ಲಿ ಎಫ್ ಈಕ್ವಲ್ಸ್ ಮ್ಯೂ ಎನ್. ಎರಡನ್ನೂ ಒಂದೇ ಕಡೆ ಕೂರಿಸಿ ಮಾತಾಡಿಸುವ ಕೆಲಸ ಯಾರೂ ಮಾಡಿರಲಿಲ್ಲ.

ಮಜೂರ್ ಕಂಡುಕೊಂಡ ದಾರಿಗೆ ಪಿಯರ್ ಇನ್‌ಸ್ಟ್ರಕ್ಷನ್ ಎನ್ನುತ್ತಾರೆ. ಪ್ರಶ್ನೆ ಕೊಡುವುದು, ಪ್ರತಿಯೊಬ್ಬರೂ ಒಬ್ಬರೇ ಯೋಚಿಸಿ ಉತ್ತರ ಆರಿಸುವುದು, ಆಮೇಲೆ ಪಕ್ಕದವರನ್ನು ಒಪ್ಪಿಸಲು ನೋಡುವುದು, ಮತ್ತೆ ಉತ್ತರ ಆರಿಸುವುದು. ನಾನು ರಟ್ಟು ಕತ್ತರಿಸಿ ಎ, ಬಿ, ಸಿ, ಡಿ ಎಂದು ನಾಲ್ಕು ಬಣ್ಣದ ಕಾರ್ಡು ಮಾಡಿ ಹಂಚಿದೆ. ಪೆಟ್ಟಿಗೆಯ ಪ್ರಶ್ನೆಯನ್ನೇ ಮುಂದಿನ ಬ್ಯಾಚಿಗೆ ಇಟ್ಟೆ. ಕ್ಲಾಸಿನ ತುಂಬ 40ರ ಕಾರ್ಡು ಎದ್ದಿತು. ನಾನು ಸರಿ ತಪ್ಪು ಏನೂ ಹೇಳದೆ, ‘ಪಕ್ಕದವರ ಉತ್ತರ ಬೇರೆ ಇದ್ದರೆ ಅವರನ್ನು ಒಪ್ಪಿಸಿ’ ಎಂದಷ್ಟೇ ಹೇಳಿ ಬೆಂಚುಗಳ ನಡುವೆ ನಡೆಯತೊಡಗಿದೆ.

ಹಿಂದಿನಿಂದ ಮೂರನೇ ಬೆಂಚಿನಲ್ಲಿ ಇಬ್ಬರು ಹುಡುಗರು. ಒಬ್ಬ ಫಾರ್ಮುಲಾ ತೋರಿಸುತ್ತಿದ್ದಾನೆ. ಇನ್ನೊಬ್ಬ, ಕ್ಲಾಸಿನಲ್ಲಿ ಅಷ್ಟೇನೂ ಮಾತಾಡದವನು, ಜಾಮಿಟ್ರಿ ಬಾಕ್ಸನ್ನು ಬೆಂಚಿನ ಮೇಲಿಟ್ಟು ಕೈ ಎತ್ತಿಬಿಟ್ಟ.

‘ಈಗ ನಾನು ತಳ್ತಾ ಇಲ್ಲ. ಘರ್ಷಣೆ ಎಷ್ಟು?’

‘ಮ್ಯೂ ಎನ್.’

‘ತಳ್ಳೋರೇ ಇಲ್ಲ ಕಣೋ. ಎಡಕ್ಕೆ 40 ಅಂದ್ರೆ ಬಾಕ್ಸ್ ತಾನಾಗೇ ಓಡ್ಬೇಕಲ್ಲ?’

ಮೊದಲನೆಯವನು ಬಾಕ್ಸನ್ನು ನೋಡಿದ. ಬಾಕ್ಸು ಅಲ್ಲೇ ಕೂತಿತ್ತು. ‘ಹೌದಲ್ಲ, ಎಡಕ್ಕೇ ಯಾಕೆ, ಬಲಕ್ಕೂ ಹೋಗಬಹುದಿತ್ತು’ ಅಂದ. ಅಷ್ಟು ಹೊತ್ತಿಗೆ ಮುಂದಿನ ಬೆಂಚಿನವರು ತಿರುಗಿ ಕೂತಿದ್ದರು.

ತಳ್ಳದಿದ್ದರೆ ಏನು ಎಂದು ಕೇಳುವ ಉಪಾಯ ನನಗೆ ಹೊಳೆದಿರಲಿಲ್ಲ. ನನ್ನ ವಾದಕ್ಕಿಂತ ಅದು ಚೊಕ್ಕ. ಘರ್ಷಣೆ ಎಂದರೆ ತಳ್ಳುವಿಕೆಗೆ ಕೊಡುವ ಉತ್ತರ, ಮೊದಲೇ ಅಲ್ಲಿ ಕೂತಿರುವ ಬಲ ಅಲ್ಲ ಎಂಬುದನ್ನು ಒಂದೇ ಏಟಿಗೆ ತೋರಿಸುತ್ತದೆ. ಆಗ ತಾನೆ ಅರ್ಥ ಮಾಡಿಕೊಂಡವನಿಗೆ ತಾನು ಎಲ್ಲಿ ಎಡವಿದ್ದೆ ಎನ್ನುವುದು ಇನ್ನೂ ನೆನಪಿರುತ್ತದೆ. ನಾನು ಎಡವಿದ ಜಾಗ ನನಗೆ ಎಂದೋ ಮರೆತುಹೋಗಿದೆ. ಎರಡನೇ ಸಲ ಕಾರ್ಡು ಎತ್ತಿಸಿದಾಗ 20ರ ಬಣ್ಣ ಕ್ಲಾಸನ್ನು ತುಂಬಿತ್ತು.

ಇದು ಒಂದು ಕ್ಲಾಸಿನ ಒಂದು ಮಧ್ಯಾಹ್ನದ ಮಾತು, ಇದರಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ. ಒಂದೇ ಸ್ಪೆಸಿಮೆನ್ ಮುರಿದು ಉಕ್ಕಿನ ಗುಣ ಬರೆಯಲು ನಾನು ಯಾರಿಗೂ ಬಿಡುವುದಿಲ್ಲ. ಆದ್ದರಿಂದ ದೊಡ್ಡ ಸಂಖ್ಯೆಯ ಅಧ್ಯಯನಗಳನ್ನು ಹುಡುಕಿದೆ. ರಿಚರ್ಡ್ ಹೇಕ್ 1998ರಲ್ಲಿ ಭೌತಶಾಸ್ತ್ರದ 62 ಕೋರ್ಸುಗಳ 6,542 ವಿದ್ಯಾರ್ಥಿಗಳು ಮೆಕ್ಯಾನಿಕ್ಸಿನ ಇಂಥ ಪರೀಕ್ಷೆಗಳಲ್ಲಿ ಪಡೆದ ಅಂಕಗಳನ್ನು ಒಟ್ಟುಗೂಡಿಸಿದರು. ಅವರ ಅಳತೆ ನನಗೆ ಇಷ್ಟವಾಯಿತು: ಕೋರ್ಸಿನ ಮೊದಲು 40 ಇದ್ದವನು ಇನ್ನು 60 ಏರಬಹುದು, ಆ 60ರಲ್ಲಿ ಎಷ್ಟು ಪಾಲು ಏರಿದ ಎಂದು ನೋಡುವುದು. ಬರೀ ಲೆಕ್ಚರ್ ಇದ್ದ 14 ಕೋರ್ಸುಗಳಲ್ಲಿ ಆ ಪಾಲು ಸರಾಸರಿ 0.23. ವಿದ್ಯಾರ್ಥಿಗಳು ಕ್ಲಾಸಿನಲ್ಲೇ ಯೋಚಿಸಿ, ಚರ್ಚಿಸಿ, ತಕ್ಷಣ ತಿದ್ದಿಕೊಳ್ಳುವ 48 ಕೋರ್ಸುಗಳಲ್ಲಿ 0.48. ಅಂದರೆ 40ರಿಂದ ಹೊರಟವನು ಮೊದಲ ಕಡೆ 54ರ ಹತ್ತಿರ ನಿಲ್ಲುತ್ತಾನೆ, ಎರಡನೇ ಕಡೆ 69ರ ಹತ್ತಿರ. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಜೊತೆಗಾರರು ವಿಜ್ಞಾನ, ಗಣಿತ, ಇಂಜಿನಿಯರಿಂಗ್ ಸೇರಿಸಿ 225 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಲೆಕ್ಚರ್ ಕ್ಲಾಸುಗಳಲ್ಲಿ ಸರಾಸರಿ ಶೇ. 33.8 ವಿದ್ಯಾರ್ಥಿಗಳು ಫೇಲಾಗುತ್ತಿದ್ದರು, ಸಕ್ರಿಯ ಕಲಿಕೆಯ ಕ್ಲಾಸುಗಳಲ್ಲಿ ಶೇ. 21.8. ನೂರು ಮಕ್ಕಳ ಕ್ಲಾಸಿನಲ್ಲಿ ಹನ್ನೆರಡು ಜನ. ಹಾಜರಿ ಪುಸ್ತಕ ತೆಗೆದು ಹನ್ನೆರಡು ಹೆಸರು ಎಣಿಸಿ ನೋಡಿದರೆ ಅದು ಸಣ್ಣ ಸಂಖ್ಯೆ ಅಲ್ಲ.

ಆದರೂ ‘ಆಕ್ಟಿವ್ ಲರ್ನಿಂಗ್’ ಎಂಬ ಹಣೆಪಟ್ಟಿಯ ಬಗ್ಗೆ ನನಗೆ ತಕರಾರಿದೆ. ಅದರೊಳಗೆ ಏನು ಬೇಕಾದರೂ ತುರುಕಬಹುದು. ಗುಂಪು ಮಾಡಿ ಚಾರ್ಟ್ ಬರೆಸಿದರೂ ಆಕ್ಟಿವ್ ಎನ್ನುತ್ತಾರೆ. ನನ್ನ ಮೊದಲ ಸೆಮಿಸ್ಟರಿನ ಪ್ರಶ್ನೆಗಳು ತೀರಾ ಸುಲಭ ಇದ್ದವು. ಎಲ್ಲರೂ ಮೊದಲ ಸಲವೇ ಸರಿ ಹೇಳಿಬಿಡುತ್ತಿದ್ದರು, ವಾದ ಮಾಡಲು ಏನೂ ಉಳಿಯುತ್ತಿರಲಿಲ್ಲ. ಕೆಲವು ಗುಂಪುಗಳಲ್ಲಿ ಗಟ್ಟಿ ದನಿಯವನು ಹೇಳಿದ್ದೇ ಉತ್ತರ. ಕೆಲಸ ಮಾಡುವುದು ಪ್ರಶ್ನೆ. ಒಳ್ಳೆಯ ಪ್ರಶ್ನೆಗೆ ಒಳ್ಳೆಯ ತಪ್ಪು ಆಯ್ಕೆಗಳು ಬೇಕು, ಮತ್ತು ಅವು ಸಿಗುವ ಜಾಗ ಒಂದೇ: ತಿದ್ದಿ ಎತ್ತಿಟ್ಟ ಉತ್ತರಪತ್ರಿಕೆಗಳ ಕಟ್ಟು.

ಅಂದಿನಿಂದ ಒಂದು ಉದ್ದನೆಯ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಹೊರಗೆ ‘ತಪ್ಪುಗಳು’ ಎಂದು ಬರೆದಿದೆ. ಪತ್ರಿಕೆ ತಿದ್ದುವಾಗ ಹೊಸ ತಪ್ಪು ಸಿಕ್ಕರೆ ಚಿತ್ರದ ಸಮೇತ ಹಾಗೇ ನಕಲಿಸಿಕೊಳ್ಳುತ್ತೇನೆ, ಹೆಸರು ಬರೆಯುವುದಿಲ್ಲ. ಎಡಗಡೆ ಪುಟದಲ್ಲಿ ತಪ್ಪು, ಬಲಗಡೆ ಪುಟದಲ್ಲಿ ಅದು ಎಲ್ಲಿಂದ ಹುಟ್ಟಿರಬಹುದು ಎಂಬ ನನ್ನ ಊಹೆ. ಬಲಗಡೆ ಪುಟವನ್ನು ತುಂಬಿಸುವುದೇ ಕಷ್ಟದ ಕೆಲಸ. ಟ್ರಸ್ಸಿನ (ಸರಳುಗಳನ್ನು ಜೋಡಿಸಿದ ಚೌಕಟ್ಟಿನ) ಒಂದು ಜಾಯಿಂಟ್ ಬಿಡಿಸಿ ತೋರಿಸುವಾಗ ಅದಕ್ಕೆ ಸಂಬಂಧವೇ ಇಲ್ಲದ ಆ ಬದಿಯ ಸಪೋರ್ಟಿನ ರಿಯಾಕ್ಷನ್ (ಆಧಾರ ಕೊಡುವ ಎದುರುಬಲ) ಹಾಕುತ್ತಾರೆ. ಯಾಕೆ? ವಸ್ತುವನ್ನು ಮನಸ್ಸಿನಲ್ಲಿ ಕತ್ತರಿಸಿ ಹೊರತೆಗೆಯುವ ಮುನ್ನವೇ ಬಾಣ ಹಾಕಲು ಕೈ ಹೋಗುತ್ತದೆ. ಈಗ ನನ್ನ ಕ್ಲಾಸಿನಲ್ಲಿ ಒಂದು ನಿಯಮ: ಮೊದಲು ವಸ್ತುವಿನ ಸುತ್ತ ಚುಕ್ಕಿ ಗೆರೆ ಎಳೆಯಬೇಕು. ಆ ಗೆರೆಯನ್ನು ಯಾರು ಮುಟ್ಟುತ್ತಿದ್ದಾರೋ ಅವರಿಗೆ ಮಾತ್ರ ಬಾಣ. ಮುಟ್ಟದೆ ಎಳೆಯುವುದು ತೂಕ ಒಂದೇ. ಈ ಒಂದು ಗೆರೆಯಿಂದ ಆದಷ್ಟು ಉಪಯೋಗ ನನ್ನ ಯಾವ ಲೆಕ್ಚರಿನಿಂದಲೂ ಆಗಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಚಾಕ್‌ಪೀಸಿನ ಕಥೆಯನ್ನೂ ಹೇಳಬೇಕು. ಟಾರ್ಷನ್ ಪಾಠಕ್ಕೆ ನಾನು ಬಹಳ ವರ್ಷಗಳಿಂದ ಒಂದು ಚಾಕ್‌ಪೀಸ್ ತಿರುಚಿ ಮುರಿಯುತ್ತಿದ್ದೆ. ಬಾಗಿಸಿ ಮುರಿದರೆ ಅಡ್ಡಕ್ಕೆ ನೇರವಾಗಿ ತುಂಡಾಗುವ ಚಾಕ್, ತಿರುಚಿದರೆ 45 ಡಿಗ್ರಿಯ ಸುರುಳಿಯಾಗಿ ಒಡೆಯುತ್ತದೆ. ಎಳೆತಕ್ಕೆ ಸೋಲುವ ವಸ್ತು, ಅತಿ ಹೆಚ್ಚು ಎಳೆತ ಬೀಳುವುದು ಆ ಓರೆಯಲ್ಲೇ. ನೋಡಲು ಚೆಂದ, ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ನಾನೂ ಖುಷಿಯಿಂದ ಮುಂದಿನ ವಿಷಯಕ್ಕೆ ಹೋಗುತ್ತಿದ್ದೆ. ಪರೀಕ್ಷೆಯಲ್ಲಿ ಮುರಿದ ಚಾಕಿನ ಚಿತ್ರ ಬಿಡಿಸಿ ಎಂದರೆ ಅರ್ಧಕ್ಕರ್ಧ ಜನ ಅಡ್ಡ ಗೆರೆ ಎಳೆದಿರುತ್ತಿದ್ದರು. ಕಣ್ಣಾರೆ ಕಂಡವರು!

2004ರಲ್ಲಿ ಮಜೂರ್ ಅವರ ಗುಂಪಿನವರು ಇದನ್ನೇ ಅಳೆದಿದ್ದಾರೆ. ಪ್ರಯೋಗವನ್ನು ಸುಮ್ಮನೆ ನೋಡಿದ ವಿದ್ಯಾರ್ಥಿಗಳು ಅದರ ಹಿಂದಿನ ತತ್ವವನ್ನು, ನೋಡದೇ ಇದ್ದವರಿಗಿಂತ ಹೆಚ್ಚು ಅರ್ಥ ಮಾಡಿಕೊಂಡಿರಲಿಲ್ಲ. ನೋಡುವ ಮೊದಲು ಏನಾಗಬಹುದೆಂದು ಊಹಿಸಿ ಬರೆದವರು ಮುಂದಿದ್ದರು. ನಾನು ಈಗ ಪ್ರತಿಯೊಬ್ಬರಿಗೂ ಒಂದು ಚಾಕ್‌ಪೀಸ್, ಒಂದು ಪೆನ್ನು ಕೊಡುತ್ತೇನೆ. ತಿರುಚಿದರೆ ಎಲ್ಲಿ ಹೇಗೆ ಒಡೆಯುತ್ತದೆ ಎಂದು ಚಾಕಿನ ಮೇಲೇ ಗೆರೆ ಎಳೆಯಬೇಕು, ಆಮೇಲೆ ತಿರುಚಬೇಕು. ಹೆಚ್ಚಿನವರ ಗೆರೆ ಬಳೆಯ ಹಾಗೆ ನೇರ ಸುತ್ತು. ಒಡೆದಾಗ ಅವರ ಗೆರೆಯನ್ನು ಓರೆಯಾಗಿ ದಾಟಿಕೊಂಡು ಬಿರುಕು ಹೋಗಿರುತ್ತದೆ. ಆ ಹೊತ್ತಿನಲ್ಲಿ ಕ್ಲಾಸಿನಲ್ಲಿ ಚಪ್ಪಾಳೆ ಇಲ್ಲ. ಒಂದು ಕೈಯಲ್ಲಿ ಒಂದು ತುಂಡು, ಇನ್ನೊಂದು ಕೈಯಲ್ಲಿ ಇನ್ನೊಂದು, ಎರಡನ್ನೂ ಕೂಡಿಸಿ ನೋಡುತ್ತಾರೆ, ಮತ್ತೆ ಬಿಡಿಸುತ್ತಾರೆ. ಅಷ್ಟು ನಿಶ್ಶಬ್ದ ನನ್ನ ಕ್ಲಾಸಿನಲ್ಲಿ ಬೇರೆ ಯಾವಾಗಲೂ ಇರುವುದಿಲ್ಲ. ಕೆಲವು ಹುಡುಗರು ತುಂಡುಗಳನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾರೆ.

ಎಲ್ಲ ತಪ್ಪುಗಳೂ ತಪ್ಪು ಕಲ್ಪನೆಯಿಂದ ಬರುವುದಿಲ್ಲ ಎನ್ನುವುದನ್ನೂ ನಾನು ತಡವಾಗಿ ಕಲಿತೆ. ಡ್ರಾಯಿಂಗ್ ಕ್ಲಾಸಿನಲ್ಲಿ ಐಸೊಮೆಟ್ರಿಕ್ (ವಸ್ತುವಿನ ಮೂರು ಮುಖ ಒಟ್ಟಿಗೆ ಕಾಣುವ ಚಿತ್ರ) ಬರದ ಮಕ್ಕಳಿಗೆ ‘ಅದು ಕೆಲವರಿಗೆ ಬರುತ್ತೆ, ಕೆಲವರಿಗೆ ಇಲ್ಲ’ ಎಂದು ಹೇಳುವುದನ್ನು ಎಷ್ಟು ಸಲ ಕೇಳಿದ್ದೇನೋ. ಶೆರಿಲ್ ಸೋರ್ಬಿ 1993ರಲ್ಲೇ ಮಿಷಿಗನ್ ಟೆಕ್‌ನಲ್ಲಿ ಇಂಥ ವಿದ್ಯಾರ್ಥಿಗಳಿಗಾಗಿ ಒಂದು ಕೋರ್ಸು ಶುರು ಮಾಡಿದ್ದರು. ವಸ್ತುವನ್ನು ಮನಸ್ಸಿನಲ್ಲಿ ತಿರುಗಿಸುವ 30 ಪ್ರಶ್ನೆಗಳ ಪರೀಕ್ಷೆಯಲ್ಲಿ ಶೇ. 60 ಅಥವಾ ಅದಕ್ಕಿಂತ ಕಡಿಮೆ ಬಂದವರಿಗೆ ಘನಾಕೃತಿಗಳನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಬಿಡಿಸಿ ಅಭ್ಯಾಸ. ಅವರ ಸಾಮರ್ಥ್ಯ ನಿಜವಾಗಿ ಏರಿತು, ಅದರಲ್ಲೂ ಹೆಣ್ಣುಮಕ್ಕಳು ಇಂಜಿನಿಯರಿಂಗ್ ಬಿಟ್ಟು ಹೋಗುವುದು ಕಡಿಮೆಯಾಯಿತು. ಹುಟ್ಟಿನಿಂದ ಬಂದದ್ದು ಎಂದು ನಾವು ಕೈಬಿಟ್ಟದ್ದು ಬರೀ ಅಭ್ಯಾಸದ ಕೊರತೆ. ಇದನ್ನು ಓದಿದ ದಿನ ಸಿಟ್ಟು ಬಂತು, ಇಷ್ಟು ವರ್ಷ ಯಾರೂ ನಮಗೆ ಇದನ್ನು ಹೇಳಲಿಲ್ಲವಲ್ಲ ಎಂದು.

ಬದಲಿಗೆ ನಮಗೆ ಹೇಳಿಕೊಟ್ಟಿದ್ದು ಲರ್ನಿಂಗ್ ಸ್ಟೈಲ್ಸ್. ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂದು ವಿಂಗಡಿಸಿ ಅವರವರಿಗೆ ತಕ್ಕಂತೆ ಕಲಿಸಿ ಎಂದು ಒಂದು ತರಬೇತಿಯಲ್ಲಿ ಎರಡು ದಿನ ಕೂರಿಸಿದ್ದರು. ಹಾಗೆ ಹೊಂದಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ಹೆರಾಲ್ಡ್ ಪ್ಯಾಶ್ಲರ್ ಮತ್ತು ಜೊತೆಗಾರರು 2008ರಲ್ಲೇ ತೋರಿಸಿದ್ದಾರೆ. ಬೀಮಿನ ಬಾಗುವಿಕೆ ಎಲ್ಲರಿಗೂ ಚಿತ್ರದಲ್ಲೇ ತಿಳಿಯಬೇಕು, ಸಮೀಕರಣದಲ್ಲೂ ತಿಳಿಯಬೇಕು.

ವಿದ್ಯಾರ್ಥಿಗಳ ವಿರೋಧದ ಬಗ್ಗೆ ಹೇಳದಿದ್ದರೆ ಮೋಸವಾಗುತ್ತದೆ. ಕಾರ್ಡು ಶುರು ಮಾಡಿದ ಸೆಮಿಸ್ಟರಿನ ಫೀಡ್‌ಬ್ಯಾಕಿನಲ್ಲಿ ‘ಮೇಡಂ ಮೊದಲಿನ ಹಾಗೆ ಪಾಠ ಮಾಡುತ್ತಿಲ್ಲ, ನಮ್ಮಿಂದಲೇ ಮಾಡಿಸುತ್ತಾರೆ’ ಎಂದು ಹಲವರು ಬರೆದರು. ನೋವಾಯಿತು. ನನ್ನ ಬೋರ್ಡು, ನನ್ನ ಡೆರಿವೇಶನ್ನುಗಳಿಗೆ ಹೆಸರಿತ್ತು. 2019ರಲ್ಲಿ ಲೂಯಿ ಡೆಲೋರಿಯೇ ಮತ್ತು ಜೊತೆಗಾರರು ಹಾರ್ವರ್ಡ್‌ನ ಭೌತಶಾಸ್ತ್ರ ಕ್ಲಾಸುಗಳಲ್ಲಿ ಮಾಡಿದ ಅಧ್ಯಯನ ಆಗ ಕೈಗೆ ಸಿಕ್ಕಿತು. ಒಂದೇ ವಿಷಯ, ಒಂದು ಗುಂಪಿಗೆ ನುರಿತ ಅಧ್ಯಾಪಕರ ಸುಲಲಿತ ಲೆಕ್ಚರ್, ಇನ್ನೊಂದು ಗುಂಪು ತಾನೇ ಒದ್ದಾಡಿ ಬಿಡಿಸಬೇಕು. ಪರೀಕ್ಷೆಯಲ್ಲಿ ಹೆಚ್ಚು ಕಲಿತದ್ದು ಒದ್ದಾಡಿದ ಗುಂಪು. ಆದರೆ ತಾವು ಕಡಿಮೆ ಕಲಿತೆವು ಎಂದುಕೊಂಡದ್ದೂ ಅದೇ ಗುಂಪು. ಸರಾಗವಾಗಿ ಹರಿಯುವ ಪಾಠ ಕೇಳುವಾಗ ಎಲ್ಲವೂ ಅರ್ಥವಾದ ಹಾಗಿರುತ್ತದೆ. ನಮ್ಮೆಲ್ಲರ ಅನುಭವವೂ ಅದೇ ತಾನೆ?

ಈಗ ಮೊದಲ ಕ್ಲಾಸಿನಲ್ಲೇ ಇದನ್ನು ವಿದ್ಯಾರ್ಥಿಗಳ ಮುಂದೆ ಬಿಚ್ಚಿಡುತ್ತೇನೆ. ಜೊತೆಗೆ ರೋರರ್ ಮತ್ತು ಟೇಲರ್ 2007ರಲ್ಲಿ ಪ್ರಕಟಿಸಿದ ನಾಲ್ಕು ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳು. ಒಂದೊಂದು ಬಗೆಯನ್ನು ಬೇರೆಬೇರೆಯಾಗಿ ಅಭ್ಯಾಸ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಶೇ. 89 ಸರಿ ಮಾಡಿದರು. ಎಲ್ಲವನ್ನೂ ಕಲಸಿ ಅಭ್ಯಾಸ ಮಾಡಿದವರು ಶೇ. 60. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮೊದಲಿನವರು 20ಕ್ಕೆ ಇಳಿದರು, ಕಲಸಿ ಮಾಡಿದವರು 63ರಲ್ಲಿ ನಿಂತರು. ಬಗೆ ಬೇರ್ಪಡಿಸಿ ಕೊಟ್ಟಾಗ ಯಾವ ಸೂತ್ರ ಎಂದು ಆರಿಸುವ ಕೆಲಸವೇ ಇರುವುದಿಲ್ಲ. ನನ್ನ ಘರ್ಷಣೆ ಹಾಳೆಯ ರೋಗವೂ ಇದೇ. ಅಧ್ಯಾಯದ ಹೆಸರೇ ಉತ್ತರ ಹೇಳಿಬಿಡುತ್ತಿತ್ತು. ಈಗ ನನ್ನ ಟ್ಯುಟೋರಿಯಲ್ ಹಾಳೆಗಳಿಗೆ ಅಧ್ಯಾಯದ ಹೆಸರಿಲ್ಲ. ಒಂದೇ ಹಾಳೆಯಲ್ಲಿ ಜಾರದ ಪೆಟ್ಟಿಗೆ, ಜಾರುವ ಹಂತದ ಏಣಿ, ಜಾರುತ್ತಿರುವ ದಿಮ್ಮಿ, ನಡುವೆ ಎರಡು ತಿಂಗಳ ಹಿಂದಿನ ಟ್ರಸ್ ಒಂದು. ಶುರುವಿನಲ್ಲಿ ಅಂಕ ಬೀಳುತ್ತದೆ. ಬೀಳುತ್ತದೆ ಎಂದು ಮೊದಲೇ ಹೇಳಿದ್ದರೆ ಯಾರೂ ಎದೆಗುಂದುವುದಿಲ್ಲ.

‘ಸಿಲಬಸ್ ಹೇಗೆ ಮುಗಿಸ್ತೀರಿ?’ ಎಂದು ನನ್ನ ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉದ್ದದ ಡೆರಿವೇಶನ್ನುಗಳನ್ನು ಬೋರ್ಡಿನ ಮೇಲೆ ಬರೆಯುವುದನ್ನು ಬಿಟ್ಟಿದ್ದೇನೆ. ಬರೆದು ಫೋಟೊಕಾಪಿ ಮಾಡಿ ಕೊಡುತ್ತೇನೆ, ನಡುನಡುವೆ ಮೂರು ಸಾಲು ಖಾಲಿ ಬಿಟ್ಟು, ತುಂಬಿಸಿಕೊಂಡು ಬರಲು. ಉಳಿದ ಸಮಯ ಪ್ರಶ್ನೆಗೆ. ಪ್ರಶ್ನೆ ಕೇಳಿದ ಮೇಲೆ ನನ್ನ ಕೈಯಿಂದ ಮೇಜಿನ ಅಂಚನ್ನು ಹಿಡಿದು ಮನಸ್ಸಿನಲ್ಲಿ ಐದು ಎಣಿಸುತ್ತೇನೆ. ಅಧ್ಯಾಪಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡೂ ಕಾಯುವುದಿಲ್ಲ, ಮೂರು ಸೆಕೆಂಡು ಕಾದರೂ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದರು. ಆ ಐದು ಸೆಕೆಂಡು ನನಗೆ ಇನ್ನೂ ಕಷ್ಟ.

ಹೋದ ವಾರ ಇಂಟರ್ನಲ್ಸ್ ಪತ್ರಿಕೆಗಳನ್ನು ವಾಪಸ್ ಕೊಟ್ಟೆ. ಎಲ್ಲರೂ ಹೋದ ಮೇಲೆ ಒಬ್ಬ ಹುಡುಗಿ ನಿಂತಿದ್ದಳು, ಅಂಕ ಕೇಳಲು ಬಂದಳು ಅಂದುಕೊಂಡೆ. ‘ತಪ್ಪುಗಳ ಪುಸ್ತಕ ಕೊಡ್ತೀರಾ ಮೇಡಂ?’ ಅಂದಳು. ಇಳಿಜಾರಿನ ಮೇಲೆ ನಿಂತ ದಿಮ್ಮಿಯ ಪ್ರಶ್ನೆ. ಅವಳು ಘರ್ಷಣೆಯನ್ನು ಇಳಿಜಾರಿನ ಕೆಳಮುಖಕ್ಕೆ ಹಾಕಿದ್ದಳು. ನಾನು ಅದನ್ನು ಅಜಾಗರೂಕತೆ ಎಂದುಕೊಂಡು ಗೀಟು ಹಾಕಿದ್ದೆ. ಅವಳು ಎಡಗಡೆ ಪುಟದಲ್ಲಿ ತನ್ನ ಚಿತ್ರವನ್ನು ಸ್ಕೇಲ್ ಇಟ್ಟು ನೀಟಾಗಿ ಬಿಡಿಸಿದಳು. ಬಲಗಡೆ ಪುಟಕ್ಕೆ ಬಂದು ಸ್ವಲ್ಪ ಯೋಚಿಸಿ ಬರೆದಳು: ‘ಘರ್ಷಣೆ ಯಾವಾಗಲೂ ತಳ್ಳುವ ಕೈಗೆ ಎದುರು ಅಂತ ಕಲಿತಿದ್ದೆ. ಇಲ್ಲಿ ಹಗ್ಗ ಕಟ್ಟಿ ಮೇಲಕ್ಕೆ ಎಳೀತಿದ್ದರು. ಹಗ್ಗ ಸಡಿಲ ಹಿಡಿದಿದ್ದರೆ ದಿಮ್ಮಿ ಕೆಳಗೆ ಜಾರೋಕೆ ನೋಡುತ್ತೆ ಅನ್ನೋದು ಹೊಳೀಲಿಲ್ಲ.’

ಲೆಕ್ಕ ಮಾಡಿ ನೋಡಿದೆವು. ಎಳೆತ ದಿಮ್ಮಿಯ ತೂಕದ ಇಳಿಜಾರಿನ ಪಾಲಿಗಿಂತ ಕಡಿಮೆ ಇದ್ದರೆ ಘರ್ಷಣೆ ಮೇಲಕ್ಕೆ, ಹೆಚ್ಚಿದ್ದರೆ ಕೆಳಕ್ಕೆ, ಸಮ ಇದ್ದರೆ ಸೊನ್ನೆ. ನನ್ನ ಹಾಳೆಗಳಲ್ಲಿ ಹಗ್ಗ ಯಾವಾಗಲೂ ಬಿಗಿಯಾಗಿಯೇ ಎಳೆದಿರುತ್ತದೆ. ‘ಇದನ್ನ ಮುಂದಿನ ಬ್ಯಾಚಿಗೆ ಸಿ ಆಯ್ಕೆ ಮಾಡಿ ಮೇಡಂ, ಎಲ್ಲರೂ ಇದನ್ನೇ ಹಾಕ್ತಾರೆ’ ಎಂದು ಹೇಳಿ ಬ್ಯಾಗು ಹೆಗಲಿಗೇರಿಸಿಕೊಂಡು ಹೋದಳು.

ಸಿ ಆಯ್ಕೆಯಾಗಿ ಹಾಕಿದ್ದೇನೆ. ಡಿ ಇನ್ನೂ ಖಾಲಿ ಇದೆ.